ಮುಳಬಾಗಿಲ ವರ, ಶ್ರೀನಿವಾಸಪುರದ ವಧು

ಅನುರಾಗವೆಂಬುದು ಬಾಯಿಬಿಟ್ಟು ಆಡತಕ್ಕ ಮಾತಲ್ಲವೆಂದೂ, ಆಡಿದರೆ ಅದರ ಮರ್ಯಾದೆಗೆ ಕುಂದೆಂದೂ ನಂಬಿದ್ದ ತಲೆಮಾರೊಂದು ನಮ್ಮ ಕೋಲಾರದ ಸೀಮೆಯಲ್ಲಿತ್ತು. ಆ ತಲೆಮಾರಿನ ಇಬ್ಬರು ಪ್ರತಿನಿಧಿಗಳು ಈಗ ನ್ಯೂಜೆರ್ಸಿಯಲ್ಲಿ ಸುಖವಾಗಿ ಜಗಳವಾಡಿಕೊಂಡಿದ್ದಾರೆ. ಅವರು ನನ್ನ ಚಿಕ್ಕಪ್ಪ ಮತ್ತು ಚಿಕ್ಕಮ್ಮ.

ಚಿಕ್ಕಪ್ಪನವರದು ಮುಳಬಾಗಿಲು. 1887ರಲ್ಲಿ ಡಿ.ವಿ.ಜಿ.ಯವರು ಅಲ್ಲಿ ಜನಿಸಿದ ಕಾರಣದಿಂದ, ಆ ಊರಿನಲ್ಲಿ ಹುಟ್ಟಿದವರೆಲ್ಲರಿಗೂ ತತ್ತ್ವಜ್ಞಾನದಲ್ಲಿ ಒಂದು ಪಾಲು ಪಿತ್ರಾರ್ಜಿತವಾಗಿ ಬರುತ್ತದೆಂಬುದು ಅವರ ಸಿದ್ಧಾಂತ. ಚಿಕ್ಕಮ್ಮನವರದು ಶ್ರೀನಿವಾಸಪುರ, ತತ್ತ್ವಜ್ಞಾನವನ್ನು ಹೋಳುಮಾಡಿ ಉಪ್ಪುಖಾರ ಹಚ್ಚಿ ತಿನ್ನಲಾದೀತೆ ಎಂಬುದು ಮಾವಿನ ತೋಪಿನಲ್ಲಿ ಬೆಳೆದ ಅವರ ಪ್ರತಿಸಿದ್ಧಾಂತ. ಈ ಸಂಬಂಧವನ್ನು ಕುದುರಿಸಿದ ಬಂಧುಗಳೊಬ್ಬರು ಮಾಲೂರಿನವರು. ತಮ್ಮ ತಾಲ್ಲೂಕಿನ ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಅವರು ಬೀದಿಗೆಲ್ಲ ಸಕ್ಕರೆ ಹಂಚಿದ್ದಲ್ಲದೆ, ಹೊರದೇಶದಲ್ಲಿ ಯಾರಾದರೂ ಅಭಿನಂದಿಸಿದರೆ ತಮ್ಮ ಪರವಾಗಿ ಸ್ವೀಕರಿಸತಕ್ಕದ್ದೆಂದು ಚಿಕ್ಕಪ್ಪನವರಿಗೆ ಕಾಗದ ಬರೆದರು.

1965ರಲ್ಲಿ ಅಮೆರಿಕವು ತನ್ನ ವಲಸೆಯ ಕಾನೂನನ್ನು ಬದಲಾಯಿಸಿದ ಮೇಲೆ ಸಮುದ್ರ ದಾಟಿದ ಎಂಜಿನಿಯರುಗಳಲ್ಲಿ ಚಿಕ್ಕಪ್ಪನವರೂ ಒಬ್ಬರು. ಮದುವೆಯಾದ ಹೊಸದರಲ್ಲಿ ಅವರು ಮುಂದಾಗಿ ಹೊರಟರು. ವೀಸಾ ಕೈಸೇರುವವರೆಗೆ ಚಿಕ್ಕಮ್ಮ ತವರಿನಲ್ಲಿ ಉಳಿದರು. ದಾಂಪತ್ಯವೆಲ್ಲ ಏರೋಗ್ರಾಮೆಂಬ ತೆಳುನೀಲಿ ಹಾಳೆಯ ಮೇಲೆ ನಡೆಯಬೇಕಾಗಿದ್ದ ಆ ಕಾಲದಲ್ಲಿ, ಹಾಳೆಯನ್ನು ಒಡೆಯುವವರು ಮಾವನವರು, ಗಟ್ಟಿಯಾಗಿ ಓದುವವನು ಭಾವಮೈದುನ, ಕೇಳಲು ಪಡಸಾಲೆಯಲ್ಲಿ ನೆರೆಯುವವರು ಅಕ್ಕಪಕ್ಕದ ಮನೆಯವರು. ಇಂತಹ ಮಹಾಸಭೆಯ ಮುಂದೆ ನವವಿವಾಹಿತನು ತನ್ನ ವಿರಹವನ್ನು ನಿವೇದಿಸುವುದೆಂತು? ಆದುದರಿಂದ ಚಿಕ್ಕಪ್ಪನವರು, “ಇಲ್ಲಿ ಚಳಿ ಅತ್ಯಧಿಕ” ಎಂದು ಬರೆದರು. ಉಣ್ಣೆಯ ಬನಿಯನ್ನು ಧರಿಸತಕ್ಕದ್ದೆಂದು ಮಾವನವರು ಉತ್ತರ ಬರೆಸಿದರು. ಆ ಉತ್ತರದ ಅಂಚಿನಲ್ಲಿ ಚಿಕ್ಕಮ್ಮ, “ತೋಪಿನಲ್ಲಿ ಈ ಸಲ ಹೂ ಚೆನ್ನಾಗಿ ಬಿಟ್ಟಿದೆ” ಎಂದು ಒಂದೇ ಸಾಲು ಸೇರಿಸಿದರು. ಮನೆಯವರು ಬೆಳೆಯ ವರದಿಯೆಂದು ಭಾವಿಸಿದ ಆ ಸಾಲನ್ನು ಚಿಕ್ಕಪ್ಪನವರು ಇಂದಿಗೂ ಪಾಸ್‌ಪೋರ್ಟಿನೊಡನೆ ಭದ್ರವಾಗಿಟ್ಟಿದ್ದಾರೆ. ಏಕೆಂದು ಕೇಳಿದರೆ, “ಮಾವಿನ ಇಳುವರಿಯ ದಾಖಲೆ” ಎನ್ನುತ್ತಾರೆ.

ಧ್ವನಿಯನ್ನು ಕೇಳಬೇಕೆಂದರೆ ಟ್ರಂಕ್ ಕಾಲ್ ಕಾದಿರಿಸಿ ಅಂಚೆಕಚೇರಿಯಲ್ಲಿ ತಪಸ್ಸಿಗೆ ಕೂರಬೇಕಿತ್ತು. ದೊರೆತ ಅಲ್ಪಕಾಲದಲ್ಲಿ ಪೂರ್ವಾರ್ಧವು “ಕೇಳಿಸ್ತದಾ?” ಎಂಬ ಪ್ರಶ್ನೆಗೂ, ಉತ್ತರಾರ್ಧವು “ದುಡ್ಡು ದಂಡ, ಇಟ್ಬಿಡಿ” ಎಂಬ ಉಪದೇಶಕ್ಕೂ ವಿನಿಯೋಗವಾಗುತ್ತಿತ್ತು.

ಚಿಕ್ಕಮ್ಮ ಅಮೆರಿಕ ಸೇರಿದ ಮೇಲೆ ಸಭಿಕರ ಕಾಟ ತಪ್ಪಿತು. ಆದರೆ ಅಷ್ಟರಲ್ಲಿ ಅಭ್ಯಾಸವು ಸ್ವಭಾವವಾಗಿತ್ತು. ನಮ್ಮ ಗಡಿಯ ಅನೇಕ ಮನೆಗಳಂತೆ ಅವರ ಮನೆಯಲ್ಲಿಯೂ ವ್ಯವಹಾರಕ್ಕೆ ಕನ್ನಡ, ಕದನಕ್ಕೆ ತೆಲುಗು. ಅಲ್ಲಿ ಹುಟ್ಟಿದ ಮಕ್ಕಳು ತೆಲುಗೆಂದರೆ ಕೋಪ ಬಂದವರ ಭಾಷೆಯೆಂದೇ ತಿಳಿದಿದ್ದು, ಎಡಿಸನ್ನಿನ ಅಂಗಡಿಯೊಂದರಲ್ಲಿ ಇಬ್ಬರು ತೆಲುಗರು ನಗುನಗುತ್ತ ಮಾತನಾಡುವುದನ್ನು ಕಂಡು ದಿಗ್ಭ್ರಮೆಗೊಂಡರು.

ಭಾರತದ ಮಾವಿಗೆ ಅಮೆರಿಕದ ಬಾಗಿಲು ಮತ್ತೆ ತೆರೆದದ್ದು 2007ರಲ್ಲಿ. ಅದೂ ಹುಳುವಿನ ಭಯದಿಂದ ಹಣ್ಣಿಗೆ ವಿಕಿರಣದ ಸಂಸ್ಕಾರ ಮಾಡಿಸಿದ ಬಳಿಕ. ಚಿಕ್ಕಪ್ಪನವರು ಆಪೂಸಿನ ಪೆಟ್ಟಿಗೆಯೊಂದನ್ನು ತಂದು, ಬೆಲೆಯನ್ನು ಅರ್ಧಕ್ಕೆ ಇಳಿಸಿ ಹೇಳಿದರು. ಆ ಅರ್ಧಕ್ಕೇ ಚಿಕ್ಕಮ್ಮ, “ಈ ದುಡ್ಡಿಗೆ ನಮ್ಮೂರಲ್ಲಿ ಮರಾನೇ ಬರ್ತದೆ” ಎಂದು ತೆಲುಗಿಗೆ ಸಿದ್ಧರಾದರು. ನಮ್ಮ ರಸಪುರಿಯ ಮುಂದೆ ಇದೇನು ಹಣ್ಣು ಎಂದು ಹಳಿಯುತ್ತಲೇ ಹೋಳುಗಳನ್ನೆಲ್ಲ ಅವರು ಮುಗಿಸಿದರು. ತಮಗೆ ಬಾಲ್ಯದಿಂದಲೂ ಓಟೆಯೇ ಪ್ರಿಯವೆಂದು ಚಿಕ್ಕಪ್ಪನವರು ಸಾಧಿಸಿದರು. ಅವರ ಬಾಲ್ಯವನ್ನು ಕಂಡ ನಮ್ಮ ಅಜ್ಜಿ ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು.

ಈಗ ವಾಟ್ಸಾಪಿನ ಕಾಲ. ನೆಲಮಾಳಿಗೆಯಲ್ಲಿ ಟೀವಿಯ ಮುಂದಿರುವ ಗಂಡನಿಗೆ ಅಡಿಗೆಮನೆಯ ಹೆಂಡತಿ ವೀಡಿಯೋ ಕರೆ ಮಾಡಿ, “ಏನಂದ್ರೆ, ಕಾಫಿ ಆರ್ತಾ ಇದೆ. ಬರ್ತೀರೋ, ಚೆಲ್ಲಲೋ?” ಎಂದು ವಿಚಾರಿಸುತ್ತಾರೆ. ಮೊಮ್ಮಗಳಾದರೋ ಫೋನಿನಲ್ಲಿ ಯಾರೊಡನೆ ಮಾತನಾಡಿದರೂ ಕೊನೆಗೆ “ಲವ್ ಯೂ” ಎನ್ನದೆ ಬಿಡುವವಳಲ್ಲ. ಮೊನ್ನೆ ನನ್ನ ಎದುರಿನಲ್ಲಿಯೇ ಅವಳು, “ತಾತ, ಅಜ್ಜಿಗೆ ಇದನ್ನು ಒಂದು ಸಲವಾದರೂ ಹೇಳಿದ್ದೀರಾ?” ಎಂದು ಕೇಳಿಬಿಟ್ಟಳು. ಚಿಕ್ಕಪ್ಪನವರು ಪಿತ್ರಾರ್ಜಿತ ತತ್ತ್ವಜ್ಞಾನವನ್ನು ತಡಕಾಡುತ್ತಿರುವಾಗಲೇ ಚಿಕ್ಕಮ್ಮ, “ದಿನಾ ಹೇಳೋ ಅಷ್ಟು ಅನುಮಾನ ಇದ್ರೆ ಮದುವೆ ಯಾಕಾಗ್ಬೇಕು?” ಎಂದರು. ಹೆಂಡತಿಯ ಮಾತನ್ನು ಒಮ್ಮೆಲೇ ಒಪ್ಪುವುದು ಚಿಕ್ಕಪ್ಪನವರ ದಾಂಪತ್ಯಧರ್ಮಕ್ಕೆ ವಿರುದ್ಧವಾದ್ದರಿಂದ, ಅವರು ಕೂಡಲೇ ತೆಲುಗಿನಲ್ಲಿ ಪ್ರತಿವಾದವನ್ನು ಆರಂಭಿಸಿದರು.

ಮೊಮ್ಮಗಳು ಗಾಬರಿಯಿಂದ ನನ್ನತ್ತ ತಿರುಗಿ, “ಇವರಿಬ್ಬರೂ ಬೇರೆಯಾಗಿಬಿಡುತ್ತಾರಾ?” ಎಂದಳು.

“ಇಲ್ಲ ಮಗು, ವಾದ ಇನ್ನೂ ಮುಗಿದಿಲ್ಲ” ಎಂದೆ.