ಬ್ರಾಂಚ್ ಆರಿಸಿಕೊಳ್ಳುತ್ತಿರುವ ಯುವ ವೈದ್ಯರಿಗೆ

ಪ್ರಿಯ ಯುವ ವೈದ್ಯರೇ,

ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ ಈಗ ಪಿಜಿ ಕೌನ್ಸೆಲಿಂಗಿನ ಪಟ್ಟಿ ತುಂಬಲು ಕೂತಿದ್ದೀರಿ. ಆರಿಸುವವರು ನೀವು ಎಂಬುದು ಹೆಸರಿಗಷ್ಟೇ; ಆರಿಸುವುದು ನಿಮ್ಮ ರ‍್ಯಾಂಕು. ನೀಟ್ ಪಿಜಿಯ 200 ಪ್ರಶ್ನೆಗಳಲ್ಲಿ ನಾಲ್ಕಾರು ತಪ್ಪಿದರೆ ಬಯಸಿದ ಬ್ರಾಂಚು ಕೈಜಾರುತ್ತದೆ. ಮೇಲಿನವರು ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಎಂದು ಬರೆದು ಎದ್ದ ಮೇಲೆ ಉಳಿದದ್ದು ಉಳಿದವರಿಗೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯ ಎಷ್ಟೋ ಸೀಟುಗಳನ್ನು ಕೊನೆಯ ಸುತ್ತಿನಲ್ಲೂ ಕೇಳುವವರಿಲ್ಲ. 2023ರಲ್ಲಂತೂ ಖಾಲಿ ಸೀಟು ತುಂಬಲು ಅರ್ಹತೆಯ ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೇ ಇಳಿಸಿದರು.

ರೇಡಿಯಾಲಜಿ ಬೇಕೆನ್ನುವವರನ್ನು ನಾನು ದೂರುವುದಿಲ್ಲ. ಮೈಮೇಲೆ ಸಾಲ, ಮುಗಿಯದ ರಾತ್ರಿಪಾಳಿ, ವಾರ್ಡಿಗೆ ನುಗ್ಗಿ ಕೈಮಾಡುವ ಜನ. ಇದನ್ನೆಲ್ಲ ಕಂಡವರು ನೆಮ್ಮದಿ ಬಯಸಿದರೆ ತಪ್ಪೇನು? ನನ್ನ ಸಂಕಟ ಬೇರೆ. ಯಾವ ಕೆಲಸ ತನಗೆ ಒಗ್ಗುತ್ತದೆ ಎಂದು ತಿಳಿಯಲು ಸಿಗುವ ಒಂದೇ ವರ್ಷ ಇಂಟರ್ನ್‌ಶಿಪ್. ಹೆರಿಗೆ ವಾರ್ಡು, ಕ್ಯಾಶುವಾಲ್ಟಿ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲವೂ ಸರದಿಯಲ್ಲಿ ಬರುತ್ತವೆ. ಆ ವರ್ಷವನ್ನು ಪಿಜಿ ಪರೀಕ್ಷೆಯ ಎಂಸಿಕ್ಯೂ ಅಭ್ಯಾಸ ನುಂಗುತ್ತಿದೆ. ಹಾಜರಿ ಹಾಕಿ ಲೈಬ್ರರಿಗೆ ಓಡುವ ಹುಡುಗಿಗೆ, ಮಕ್ಕಳ ವಾರ್ಡಿನಲ್ಲಿದ್ದರೆ ತನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂಬುದು ಗೊತ್ತಾಗುವುದಾದರೂ ಯಾವಾಗ?

ಇನ್ನು ಯಾರಿಗೂ ಬೇಡವಾದ ಬ್ರಾಂಚುಗಳ ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಇದು ಉಣುಗುಗಳಿಂದ ಹರಡುವ ಹೊಸ ವೈರಸ್ಸು ಎಂದು ಪತ್ತೆಹಚ್ಚಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಅವರು ದುಡಿದದ್ದು ಆಪರೇಷನ್ ಥಿಯೇಟರಿನಲ್ಲಲ್ಲ, ಕಾಡಿನಲ್ಲಿ ಮತ್ತು ಪ್ರಯೋಗಾಲಯದಲ್ಲಿ. ಈ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಹೀಗಿರುವಾಗ ಮೈಕ್ರೋಬಯಾಲಜಿ, ಕಮ್ಯುನಿಟಿ ಮೆಡಿಸಿನ್ ಸೇರಿದವರನ್ನು ‘ಪಾಪ, ಕ್ಲಿನಿಕಲ್ ಸಿಗಲಿಲ್ಲವಂತೆ’ ಎಂದು ಮರುಗುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಒಲಿದು ಬಂದವರು ಅಲ್ಲಿ ಕೂರಬೇಕು. ಬೇರೆ ದಾರಿಯಿಲ್ಲದೆ ಬಂದವರು ಮೂರು ವರ್ಷ ಕೊರಗುತ್ತಾರೆ, ಇಲ್ಲವೇ ಮತ್ತೆ ಪರೀಕ್ಷೆಗೆ ಕೂರುತ್ತಾರೆ.

ಹೆತ್ತವರೇ, ನೆಂಟರ ಮುಂದೆ ಹೇಳಿಕೊಳ್ಳಲೊಂದು ಹೆಸರು ಬೇಕೆಂದು ಮಕ್ಕಳನ್ನು ಒತ್ತಾಯಿಸಬೇಡಿ. ಯುವ ವೈದ್ಯರೇ, ಪಟ್ಟಿ ಲಾಕ್ ಮಾಡುವ ಮುನ್ನ ಆ ವಿಭಾಗದ ಮೊದಲ ವರ್ಷದ ಪಿಜಿಯ ಜೊತೆ ಒಂದು ಡ್ಯೂಟಿ ಪೂರ್ತಿ ಇದ್ದು ನೋಡಿ. ಮುಗಿದ ಮೇಲೂ ಅದೇ ಬೇಕೆನಿಸಿದರೆ, ಯಾರೇನೇ ಅನ್ನಲಿ, ಅದನ್ನೇ ಮೊದಲು ಬರೆಯಿರಿ.

ಇಂತಿ,
ನಿಮ್ಮ ಹಿರಿಯ ಸಹೋದ್ಯೋಗಿ