ಸೊನ್ನೆ ನೌಕರರ ಅಂಗಡಿಯಿಂದ ಒಂದು ಬಹಿರಂಗ ಪತ್ರ

ನಗರಗಳ ಸರಕು ಗಾಡಿ ಎಣಿಸುವ ಸಲಹೆಗಾರ ಮಹಾಶಯರಿಗೆ,

ಮುಂಡಗೋಡ ತಾಲೂಕಿನ ಮಳಗಿಯಿಂದ ಕಿರಾಣಿ ಅಂಗಡಿಯವನ ನಮಸ್ಕಾರ.

ಹುಬ್ಬಳ್ಳಿಯಂಥ ಊರಿನ ಅಂಗಡಿಗಳಿಗೆ ದಿನಕ್ಕೆ ಎಷ್ಟು ಗಾಡಿ ಬರುತ್ತವೆಂದು ತಿಳಿಯಲು ನಿಮ್ಮ ಹತ್ತಿರ ಸೂತ್ರವಿದೆಯಂತೆ: ನೌಕರರನ್ನು ಎಣಿಸು, ದರದಿಂದ ಗುಣಿಸು. ನನ್ನ ಅಂಗಡಿಗೂ ಹಚ್ಚಿ ನೋಡಿದೆ. ಇಲ್ಲಿ ಪಗಾರದ ಮೇಲೆ ಒಬ್ಬನೂ ಇಲ್ಲ. ನಾನು ಮಾಲೀಕ, ಹೆಂಡತಿ ಮಾಲೀಕನ ಮಾಲಕಿ. ಸೊನ್ನೆಯನ್ನು ಯಾವ ದರದಿಂದ ಗುಣಿಸಿದರೂ ಸೊನ್ನೆಯೇ. ಅಂದಮೇಲೆ ಬೆಳಗಿನಿಂದ ನನ್ನ ಬಾಗಿಲಲ್ಲಿ ಹಾರ್ನ್ ಹೊಡೆದವರೆಲ್ಲ ಭೂತಗಳು.

ಆ ಭೂತಗಳು ಯಾರೆಂದರೆ ಹಾಲಿನ ಗಾಡಿ, ಬ್ರೆಡ್ಡಿನ ಗಾಡಿ, ಸಾಬೂನು-ಬಿಸ್ಕೀಟಿನ ಟಾಟಾ ಏಸ್. ಚಿಪ್ಸ್ ಕಂಪನಿಯದಂತೂ ದೊಡ್ಡ ಗಾಡಿ. ಒಳಗಿರುವುದು ಬಹುಪಾಲು ಗಾಳಿ. ಇಳಿಸಿದ ಮಾಲು ನನ್ನ ಮೊಮ್ಮಗನಷ್ಟೂ ತೂಗುವುದಿಲ್ಲ. ಟನ್ನಿನ ಲೆಕ್ಕವೇ ಬೇರೆ, ಖೇಪಿನ ಲೆಕ್ಕವೇ ಬೇರೆ. ಗೋದಾಮು ಇದ್ದವ ತಿಂಗಳಿಗೊಮ್ಮೆ ಒಂದೇ ಲಾರಿ ತರಿಸುತ್ತಾನೆ. ಗೋದಾಮೂ ಇಲ್ಲದ, ಗಂಟೂ ಇಲ್ಲದ ನಾನು ದಿನಾ ಚೂರುಚೂರು ತರಿಸುತ್ತೇನೆ. ಅಂಗಡಿ ಸಣ್ಣದಾದಷ್ಟೂ ಸರಕಿಗೆ ಹೋಲಿಸಿದರೆ ಗಾಡಿ ಜಾಸ್ತಿ. ಅಮೆರಿಕದ ಪ್ರಾಧ್ಯಾಪಕ ಹೋಸೆ ಹೋಲ್ಗಿನ್-ವೆರಾಸ್ ಮತ್ತು ಸಂಗಡಿಗರು 2012ರ ವರದಿಯಲ್ಲಿ ಇದೇ ಧಾಟಿಯ ಮಾತು ಹೇಳಿದ್ದಾರೆ: ಕೆಲವು ಬಗೆಯ ವ್ಯಾಪಾರಗಳಲ್ಲಿ ನೌಕರರನ್ನು ಎಣಿಸುವುದಕ್ಕಿಂತ ಅಂಗಡಿಗೆ ಇಷ್ಟು ಖೇಪು ಎಂದು ಹಿಡಿಯುವುದೇ ವಾಸಿ. ಅವರು ಪಾಪ ಅಷ್ಟು ದೂರ ಯಾಕೆ ಒದ್ದಾಡಿದರೋ, ಮಳಗಿಗೆ ಬಂದಿದ್ದರೆ ಒಂದು ಕಪ್ ಚಹಾದಲ್ಲಿ ಮುಗಿಯುತ್ತಿತ್ತು.

ಇನ್ನು ಸರಕೇ ಇಲ್ಲದ ಖೇಪುಗಳಿವೆ. ನನ್ನ ಫ್ರಿಜ್ ಕೆಟ್ಟಿತು. ರಿಪೇರಿಯವ ಒಮ್ಮೆ ಬಂದು ಅದು ಕೆಟ್ಟಿದೆ ಎಂದು ಖಚಿತಪಡಿಸಿದ. ಎರಡನೇ ಸಲ ಪಾರ್ಟ್ ತಂದ, ಬೇರೆ ಮಾಡೆಲ್‌ನದು. ಮೂರನೇ ಸಲ ಗ್ಯಾಸ್ ತುಂಬಲು ಬಂದಾಗ ಕರೆಂಟ್ ಇರಲಿಲ್ಲ. ಒಂದು ಫ್ರಿಜ್ಜಿಗೆ ಮೂರು ಖೇಪು, ಸಾಗಿದ ಸರಕು ಒಂದು ಪಾನಾ. ನಿಮ್ಮ ಕಾಲಮ್ಮಿನಲ್ಲಿ ಅವನು ಬರೀ ಬೈಕ್ ಸವಾರ.

ತುರ್ತಿನ ಮಾಲಿಗೆ ನಾವು ಹುಬ್ಬಳ್ಳಿ-ಶಿರಸಿ ಬಸ್ಸನ್ನೇ ನಂಬಿದವರು. ಬಸ್ಸಿನಲ್ಲಿ ಮಾಲು ಸಾಗಿಸುವುದಕ್ಕೆ ಸಾರಿಗೆ ಸಂಸ್ಥೆಯವರು 2021ರಲ್ಲಿ ‘ನಮ್ಮ ಕಾರ್ಗೋ’ ಎಂದು ಹೆಸರಿಟ್ಟರು; ಹೆಸರಿಡುವ ಮೊದಲೇ ಕೂಸು ಊರೆಲ್ಲ ಓಡಾಡುತ್ತಿತ್ತು. ನಿಮ್ಮ ಎಣಿಕೆದಾರ ಮಾತ್ರ ಆ ಬಸ್ಸನ್ನು ಬರೀ ಪ್ರಯಾಣಿಕರದೆಂದೇ ಬರೆದುಕೊಳ್ಳುತ್ತಾನೆ. ಕಾಗದದಲ್ಲಾದರೂ ಸಿಕ್ಕೇನೇ ಎಂದರೆ, ಇ-ವೇ ಬಿಲ್ಲು ಬೇಕಾಗುವುದು 50,000 ರೂಪಾಯಿ ಮೀರಿದ ಮಾಲಿಗೆ. ನನ್ನ ಜನ್ಮದಲ್ಲಿ ಅಷ್ಟು ಮಾಲು ಒಮ್ಮೆಲೇ ಇಳಿದಿಲ್ಲ. ಧರ್ಮಾ ಜಲಾಶಯ ಇರುವುದು ನಮ್ಮ ಬಗಲಲ್ಲಿ, ತೋಯುವುದು ಹಾನಗಲ್ಲಿನ ಗದ್ದೆ. ಲೆಕ್ಕದಲ್ಲಿ ಕಾಣದಿರುವುದು ನಮಗೇನೂ ಹೊಸದಲ್ಲ.

ನಿಮ್ಮವರು ಗೌರವ ಕೊಟ್ಟಿದ್ದು ಒಬ್ಬರಿಗೇ. ಗ್ರಾಮೀಣ ರಸ್ತೆಗಳಿಗೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ತಂದ, ಯಾವ ವಾಹನ ಎಷ್ಟು ಕಾರಿಗೆ ಸಮ ಎನ್ನುವ ಕೋಷ್ಟಕದಲ್ಲಿ ಕಾರು 1, ಲಾರಿ 3, ಎತ್ತಿನ ಗಾಡಿ 8! ಅದಕ್ಕೇ ಒಂದು ಜೋಡಿ ಎತ್ತು ಕೊಂಡು, ಹುಬ್ಬಳ್ಳಿಯಿಂದ ಚಿಪ್ಸು ಗಾಡಿ ಕಟ್ಟಿಕೊಂಡೇ ತರೋಣ ಅಂತಿದ್ದೇನೆ. ಎಂಟು ಕಾರಿನ ಮನುಷ್ಯನನ್ನು ಯಾರಾದರೂ ಸೊನ್ನೆ ಅನ್ನಲಿ, ನೋಡೋಣ.

ಇಂತಿ,
ಮಳಗಿಯ ಒಬ್ಬ ಸೊನ್ನೆ

ತಾ.ಕ.: ಈಗ ಕರೆಂಟ್ ಇದೆ, ರಿಪೇರಿಯವನೂ ಬಂದ. ಪಾನಾ ಮರೆತು ಬಂದಿದ್ದಾನೆ. ಮೇಲಿನ ಮೂರನ್ನು ನಾಲ್ಕು, ಇಲ್ಲ, ಐದು ಎಂದು ತಿದ್ದಿಕೊಳ್ಳಿ.