ಬಾನೆಟ್ ಎತ್ತಿದವನಿಗೆ ಬೀದಿಯೆಲ್ಲ ನೆಂಟರು

ರವೀಂದ್ರನಾಥ ಟ್ಯಾಗೋರರು 1905ರಲ್ಲಿ ‘ಏಕ್ಲಾ ಚೋಲೋ ರೇ’ ಬರೆದರು. ಒಂಟಿಯಾಗಿ ನಡೆಯುವವನಿಗೆ ಧೈರ್ಯ ಹೇಳುವ ಹಾಡು. ಅವರ ಹೆಸರಿಟ್ಟುಕೊಂಡು, ಆಮೇಲೆ ಉಚ್ಚರಿಸಲು ಸೋಮಾರಿತನವಾಗಿ ಅದನ್ನು ಆರ್.ಟಿ. ನಗರ ಮಾಡಿಕೊಂಡ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮಾತ್ರ ಯಾವನೂ ಒಂಟಿಯಾಗಿ ಒಂದು ಬೋಲ್ಟು ಬಿಚ್ಚಲಾರ. ನಂಬಿಕೆ ಬರದಿದ್ದರೆ ಒಂದು ಶನಿವಾರ ಬೆಳಿಗ್ಗೆ ಇಲ್ಲಿಯ ಯಾವುದಾದರೂ ಕ್ರಾಸಿನಲ್ಲಿ ಗಾಡಿಯ ಬಾನೆಟ್ ಎತ್ತಿ ನಿಲ್ಲಿ. ಎತ್ತುವವರೆಗೆ ಅದು ನಿಮ್ಮ ಗಾಡಿ, ಎತ್ತಿದ ಮೇಲೆ ಸಾರ್ವಜನಿಕ ಆಸ್ತಿ.

ನಮ್ಮದು ಹಳೆಯ ಇನ್ನೋವಾ. 2005ರಲ್ಲಿ ಕ್ವಾಲಿಸ್ ನಿಂತು ಬಿಡದಿಯಿಂದ ಇನ್ನೋವಾ ಹೊರಬಂತಲ್ಲ, ಆ ಪೀಳಿಗೆಯದು. ಧರ್ಮಸ್ಥಳಕ್ಕೂ ಮದುವೆಮನೆಗಳಿಗೂ ಅದು ಹೊತ್ತ ನೆಂಟರನ್ನು ಲೆಕ್ಕ ಹಾಕಿದರೆ ಒಂದು ಸಣ್ಣ ಹೋಬಳಿಯಾದೀತು. ಅದರ ಮೇಲೆ ನನ್ನದೇನೂ ದೂರಿಲ್ಲ. ರಬ್ಬರಿಗೂ ವಯಸ್ಸಾಗುತ್ತದೆ, ಅಷ್ಟೇ. ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಎನ್ನತೊಡಗಿತು. ಮೇಖ್ರಿ ಸರ್ಕಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವರು ತಿರುಗಿ ನೋಡಿ, “ಬೆಲ್ಟು ಸಾರ್” ಎಂದು ಪುಕ್ಕಟೆ ತೀರ್ಪು ಕೊಡುವಷ್ಟು.

ಮನೆಯಲ್ಲೇ ಬದಲಾಯಿಸೋಣ ಎಂದುಕೊಂಡೆ. ಗ್ಯಾರೇಜಿನವನು ಹೇಳಿದ ಮೊತ್ತವೂ ಇದಕ್ಕೆ ಪ್ರೇರಣೆ. ಬಾನೆಟ್ ಎತ್ತಿ ಸ್ಟಾಂಡ್ ಸಿಕ್ಕಿಸುವಷ್ಟರಲ್ಲಿ ಎದುರುಮನೆಯ ಓಮ್ನಿ ಮಾಲೀಕರು ಲುಂಗಿ ಎತ್ತಿ ಕಟ್ಟಿಕೊಂಡು ಹಾಜರ್. ಅವರ ಹಿಂದೆ ಎಚ್‌ಎಂಟಿಯಿಂದ ನಿವೃತ್ತರಾದ ಹಿರಿಯರು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಲೇತುಗಳ ನಡುವೆ ತಲೆ ನರೆಸಿಕೊಂಡು, ಈಗ ತೆಂಗಿನಕಾಯಿ ಹೋಳನ್ನೂ ಮೈಕ್ರಾನಿನಲ್ಲಿ ಅಳೆಯುವವರು. ಎರಡನೇ ಮಹಡಿಯ ಸಾಫ್ಟ್‌ವೇರ್ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಇಳಿದ. ಬೆಳಿಗ್ಗೆ ಹತ್ತು ಗಂಟೆ, ಮೇಲೆ ಬಿಸಿಲು ಸುರಿಯುತ್ತಿತ್ತು. ಆದರೂ ಟಾರ್ಚ್.

ಓಮ್ನಿಯವರು ಚೊಂಬಿನಲ್ಲಿ ನೀರು ತರಿಸಿ, ಎಂಜಿನ್ ಓಡುತ್ತಿರುವಾಗಲೇ ಬೆಲ್ಟಿನ ಮೇಲೆ ತೀರ್ಥದಂತೆ ಪ್ರೋಕ್ಷಿಸಿದರು. ಇದು ಮೂಢನಂಬಿಕೆಯಲ್ಲ, ನಿಜವಾದ ಪರೀಕ್ಷೆ. ನೀರು ಬಿದ್ದಾಗ ಸದ್ದು ತುಸು ಹೊತ್ತು ಅಡಗಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಹೆಚ್ಚಾದರೆ ಬೆಲ್ಟು ಸಡಿಲ. ನಮ್ಮದು ಮೊದಲು ಅಡಗಿ, ಆಮೇಲೆ ಹೆಚ್ಚಾಯಿತು. ಸಭೆ ಎರಡು ಪಕ್ಷವಾಯಿತು.

“ಬಿರುಕೇ ಇಲ್ಲ, ಇನ್ನೂ ಎರಡು ವರ್ಷ ಓಡತ್ತೆ” ಎಂದರು ಓಮ್ನಿ. ಅವರದು ಹಳೆಯ ಕಾಲದ ಜ್ಞಾನ. ನಿಯೋಪ್ರೀನ್ ಬೆಲ್ಟುಗಳು ಬಿರುಕು ಬಿಟ್ಟು ಸಾಯುವ ಮುನ್ಸೂಚನೆ ಕೊಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರು ಬಿರುಕು ಬಿಡದೆ, ಮರ್ಯಾದೆಯಿಂದ ಒಳಗೊಳಗೇ ಸವೆಯುತ್ತದೆ. ಎಚ್‌ಎಂಟಿ ಹಿರಿಯರು ಗೀರುಗಳ ಆಳವನ್ನು ಉಗುರಿನಲ್ಲಿ ಮುಟ್ಟಿ ನೋಡಿ, “ಮುಗೀತು ಇದರ ಸರ್ವೀಸು” ಎಂದರು. ಓಮ್ನಿಯಂಥ ಗಾಡಿಗೆ ಈ ಚಿಂತೆ ಕಡಿಮೆ. ಎಸಿ ಇಲ್ಲದ ಓಮ್ನಿಯಲ್ಲಿ ಒಂದು ವಿ-ಬೆಲ್ಟು ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸಿದರೆ ದಿನ ಕಳೆಯಿತು. 1979ರಲ್ಲಿ ಅಮೆರಿಕದ ಫೋರ್ಡ್ ಮಸ್ಟಾಂಗಿನಲ್ಲಿ ಉದ್ದನೆಯ ಒಂದೇ ಪಟ್ಟಿ ಎಲ್ಲವನ್ನೂ ಎಳೆಯುವ ಪದ್ಧತಿ ಶುರುವಾಯಿತಂತೆ. ಅಲ್ಲಿಂದ ಒಂದು ಬೆಲ್ಟು ಹರಿದರೆ ಚಾರ್ಜು, ಎಸಿ, ಸ್ಟಿಯರಿಂಗ್ ಎಲ್ಲವೂ ಒಟ್ಟಿಗೆ ಕೈಕೊಡುವ ಸೌಭಾಗ್ಯ ನಮ್ಮದಾಯಿತು.

ಕೊನೆಗೆ ಬೆಲ್ಟು ಬಿಚ್ಚುವುದೆಂದಾಗಿ, ಗಾಡಿಯ ಬೀಗದ ಕೈ ಅಮ್ಮನ ಸೆರಗಿನ ತುದಿಗೆ ಹೋಯಿತು. ಬೆಲ್ಟಿನ ಹತ್ತಿರ ಕೈಯಿಟ್ಟಾಗ ಯಾರೋ ಪುಣ್ಯಾತ್ಮರು ಸ್ಟಾರ್ಟ್ ಮಾಡಬಾರದಲ್ಲ. ಟೆನ್ಶನರಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿ, ಬೆಲ್ಟಿನ ಬಿಗಿ ತಗ್ಗಿದಾಗ ಅದನ್ನು ಜಾರಿಸಬೇಕು. ಹೇಳುವುದಕ್ಕೆ ಸುಲಭ. ರೇಡಿಯೇಟರ್ ಫ್ಯಾನಿಗೂ ಎಂಜಿನ್ನಿಗೂ ನಡುವೆ ಕೈ ಹೋಗುತ್ತದೆ, ಸ್ಪ್ಯಾನರೂ ಹೋಗುತ್ತದೆ, ಎರಡೂ ಒಟ್ಟಿಗೆ ಹೋಗುವುದಿಲ್ಲ. ಹಾಗೂ ಹೀಗೂ ಬೆಲ್ಟು ಹೊರಬಂದ ಮೇಲೆ ಹಿರಿಯರು ಐಡ್ಲರ್ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟರು. ಗರಗರ. ಬೀದಿಯೇ ಉಸಿರು ಬಿಗಿಹಿಡಿಯಿತು. “6203,” ಎಂದರು. “ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. ಗ್ರೀಸ್ ಒಣಗಿದೆ.” ಮೊಮ್ಮಕ್ಕಳ ಹುಟ್ಟುಹಬ್ಬ ಮರೆಯುವ ಮನುಷ್ಯ ಬೇರಿಂಗಿನ ಅಳತೆಯನ್ನು ಬಾಯಿಪಾಠ ಒಪ್ಪಿಸಿದರು.

ಮಧ್ಯಾಹ್ನ ಅವರೂ ನಾನೂ ಬಸ್ಸಿನಲ್ಲಿ ಜೆ.ಸಿ. ರಸ್ತೆಗೆ. ಅಲ್ಲಿಗೆ ಗಾಡಿ ತಗೊಂಡು ಹೋಗುವವನು ಬೆಲ್ಟಿಗಿಂತ ಹೆಚ್ಚು ಹೊತ್ತು ಪಾರ್ಕಿಂಗ್ ಹುಡುಕುತ್ತಾನೆ. ನಮಗಂತೂ ಆ ಆಯ್ಕೆಯೇ ಇರಲಿಲ್ಲ. ರವೀಂದ್ರ ಕಲಾಕ್ಷೇತ್ರವೂ ಅದೇ ರಸ್ತೆಯಲ್ಲಿದೆ. ಟ್ಯಾಗೋರರು ಇಲ್ಲಿಗೂ ನಮ್ಮನ್ನು ಹಿಂಬಾಲಿಸಿದ್ದರು. ಅಂಗಡಿಯವನು ಹಳೆ ಬೆಲ್ಟಿನ ಬೆನ್ನು ಉಜ್ಜಿ ನಂಬರ್ ಓದಲು ನೋಡಿದ. ಬೆಲ್ಟಿನ ಜಾತಕ ಆ ನಂಬರಿನಲ್ಲೇ ಇರುತ್ತದೆ: ಪಿಕೆ ಎಂಬುದರ ಹಿಂದಿನ ಅಂಕಿ ಗೀರುಪಟ್ಟಿಗಳ ಸಂಖ್ಯೆ, ಮುಂದಿನದು ಮಿಲಿಮೀಟರಿನಲ್ಲಿ ಉದ್ದ. ಅಳಿಸಿಹೋಗಿತ್ತು. ಟೇಪು ಹಿಡಿದು ಅಳೆದು, ಗಾಡಿಯ ಮಾಡೆಲ್ ಕೇಳಿ ಖಾತ್ರಿ ಮಾಡಿಕೊಂಡು, “ಒರಿಜಿನಲ್ಲಾ, ಡೂಪ್ಲಿಕೇಟಾ, ಒರಿಜಿನಲ್ ಡೂಪ್ಲಿಕೇಟಾ?” ಎಂದ. ಮೂರನೆಯದರ ತತ್ತ್ವ ಕೇಳುವ ಧೈರ್ಯವಾಗದೆ ಮೊದಲನೆಯದನ್ನೇ ಕೊಂಡೆ. ಬೇರಿಂಗ್ ಮಾತ್ರ ಬದಲಾಯಿಸಿದರೆ ಸಾಕೆಂದು ಹಿರಿಯರ ಹಟ, ಪುಲ್ಲಿಯೇ ಹೊಸತಿರಲಿ ಎಂದು ನನ್ನದು. ಪುಲ್ಲಿ ಗೆದ್ದಿತು. ಅವರು ಬಸ್ಸಿನಲ್ಲಿ ಹೆಬ್ಬಾಳದ ಕಡೆ ಮುಖ ತಿರುಗಿಸಿ ಕೂತರು.

ಭಾನುವಾರ ಬೀದಿಗೆ ಇನ್ನೂ ಜನ ಬಂದರು. ನಮ್ಮ ಬಡಾವಣೆಯಲ್ಲೇ ಮನೆಯಿದ್ದ ಬಸವರಾಜ ಬೊಮ್ಮಾಯಿಯವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, 2021ರಲ್ಲಿ ಆದದ್ದು ಮುಖ್ಯಮಂತ್ರಿ. ಹಾಗಾಗಿ ಇಲ್ಲಿ ಸ್ಪ್ಯಾನರ್ ಹಿಡಿದವನನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಪುಲ್ಲಿ ಕೂತಿತು, ಸ್ಟೀಲ್ ಪಟ್ಟಿಯಿಟ್ಟು ಸಾಲು ನೋಡಿದ್ದಾಯಿತು. ಆದರೆ ಬೆಲ್ಟು ಯಾವುದರ ಮೇಲೆ, ಯಾವುದರ ಕೆಳಗೆ ಹೋಗಬೇಕು? ಬಾನೆಟ್ಟಿನ ಸ್ಟಿಕ್ಕರ್ ಮಾಸಿತ್ತು. ಸಾಫ್ಟ್‌ವೇರ್ ಹುಡುಗ ಹಿಂದಿನ ದಿನ ತೆಗೆದ ಫೋಟೋಗಳಲ್ಲೆಲ್ಲ ಮುಖ್ಯ ಜಾಗಕ್ಕೆ ಸರಿಯಾಗಿ ಓಮ್ನಿಯವರ ಮೊಣಕೈ.

ಕಾಫಿ ಲೋಟ ಎತ್ತಿಕೊಳ್ಳಲು ಬಂದ ಅಮ್ಮ, “ಗೀರಿರೋ ಚಕ್ರಕ್ಕೆ ಬೆಲ್ಟಿನ ಗೀರು, ನುಣುಪು ಚಕ್ರಕ್ಕೆ ಬೆಲ್ಟಿನ ಬೆನ್ನು, ಅಷ್ಟೇ ತಾನೆ?” ಎಂದಳು. ಯಾರೂ ಅದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ರಂಗೋಲಿ ಡಬ್ಬಿ ತಂದು ಪುಲ್ಲಿಗಳಿದ್ದ ಹಾಗೆ ನೆಲದ ಮೇಲೆ ಚುಕ್ಕಿಯಿಟ್ಟು, ಒಂದನ್ನು ಒಳಗಿಂದ ಬಳಸಿ, ಇನ್ನೊಂದನ್ನು ಹೊರಗಿಂದ ಸವರಿ, ಕೈಯೆತ್ತದೆ ಒಂದೇ ಎಳೆಯಲ್ಲಿ ಸುತ್ತಿ ಮುಗಿಸಿದಳು. ಹಿರಿಯರು ಬಗ್ಗಿ ಪರಿಶೀಲಿಸಿ, “ಸ್ಕೇಲ್ ಹಾಕಿಲ್ಲ” ಎಂದರು. ಅವರಿಂದ ಅದು ಪ್ರಶಸ್ತಿಪತ್ರ.

ಆ ರಂಗೋಲಿಯಂತೆಯೇ ಬೆಲ್ಟು ಏರಿತು. ಟೆನ್ಶನರ್ ಬಿಟ್ಟೆ, ಟಕ್ಕೆಂದು ಬಿಗಿಯಿತು. ಅಮ್ಮ ಸೆರಗಿನ ಗಂಟು ಬಿಚ್ಚಿದಳು. ಸ್ಟಾರ್ಟ್. ಕೀಂಯ್ ಇಲ್ಲ, ಗರಗರ ಇಲ್ಲ. ಆಗಲೇ ಸ್ಕೂಟರಿನಲ್ಲಿ ಸುಲ್ತಾನ್‌ಪಾಳ್ಯದ ಕಡೆ ಹೋಗುತ್ತಿದ್ದ ಅದೇ ಗ್ಯಾರೇಜಿನವನು ಗುಂಪು ನೋಡಿ ನಿಲ್ಲಿಸಿದ. ಬಾನೆಟ್ಟಿನೊಳಗೆ ಇಣುಕಿ, ಬೆಲ್ಟನ್ನು ಒತ್ತಿ ನೋಡಿ, “ಯಾರು ಹಾಕಿದ್ದು?” ಎಂದ.

“ನಾನೇ” ಎಂದರು ಓಮ್ನಿ, ಎಚ್‌ಎಂಟಿ, ಸಾಫ್ಟ್‌ವೇರ್ ಒಕ್ಕೊರಲಿನಿಂದ. ನನ್ನ ಬಾಯಿ ಇನ್ನೂ ತೆರೆಯುತ್ತಿತ್ತಷ್ಟೆ.

“ಗ್ಯಾರೇಜಿಗೆ ಬಂದ್ಬಿಡಿ ಸಾರ್, ಹುಡುಗ್ರು ಸಿಗ್ತಿಲ್ಲ” ಎಂದ ಅವನು.

ಹಿರಿಯರು ಕೈಯ ಗ್ರೀಸನ್ನು ನನ್ನ ಟವೆಲಿಗೆ ಒರೆಸುತ್ತ ಕೇಳಿದರು: “ಪಿ.ಎಫ್. ಇದೆಯಾ?”